ಕಲ್ಪನೆಯ ಲೋಕಗಳಲ್ಲಿ ವಯಸ್ಸಾದವರು: ಪದೇ ಪದೇ ಕೇಳುವ ಪ್ರಶ್ನೆಗಳು

ಯುಟೋಪಿಯಾ, ಡಿಸ್ಟೋಪಿಯಾ ಕಥೆಗಳ ಮಾತು ಬಂದಾಗಲೆಲ್ಲ ಓದುವ ಗೆಳೆಯರು ನನ್ನನ್ನು ಕೇಳುತ್ತಲೇ ಬಂದಿರುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಒಂದು ಎಚ್ಚರಿಕೆ: ಉತ್ತರ ಕೊಡುವಾಗ ಕೆಲವು ಕಥೆಗಳ ಗುಟ್ಟು ಬಿಟ್ಟುಕೊಡಲೇಬೇಕಾಗಿದೆ.

## ಈಗಷ್ಟೇ ಓದಲು ಶುರು ಮಾಡಿದವರಿಗೆ

ಯುಟೋಪಿಯಾ, ಡಿಸ್ಟೋಪಿಯಾ ಅಂದ್ರೆ ಏನು? ಸುಲಭವಾಗಿ ಹೇಳಿ.

ಯುಟೋಪಿಯಾ ಅಂದರೆ ಎಲ್ಲವೂ ಸರಿಯಾಗಿ ನಡೆಯುವ ಕಲ್ಪನೆಯ ನಾಡು. ಥಾಮಸ್ ಮೋರ್ 1516ರಲ್ಲಿ ತನ್ನ ಪುಸ್ತಕಕ್ಕಾಗಿ ಕಟ್ಟಿದ ಪದ ಇದು. ಗ್ರೀಕ್ ಮೂಲದಲ್ಲಿ ಇದಕ್ಕೆ ‘ಎಲ್ಲೂ ಇಲ್ಲದ ಜಾಗ’ ಎಂದು ಅರ್ಥ. ಡಿಸ್ಟೋಪಿಯಾ ಇದರ ಉಲ್ಟಾ, ಬದುಕೇ ಕೆಟ್ಟುಹೋದ ನಾಡು. ಇವೆರಡರ ನಡುವಿನ ಗೆರೆ ತುಂಬ ತೆಳು. ಒಬ್ಬರಿಗೆ ಸ್ವರ್ಗವಾಗಿರುವ ಊರು ಇನ್ನೊಬ್ಬರಿಗೆ ನರಕವಾಗಿರಬಹುದು. ಆ ‘ಇನ್ನೊಬ್ಬರು’ ಎಷ್ಟೋ ಸಲ ವಯಸ್ಸಾದವರೇ ಆಗಿರುತ್ತಾರೆ.

ಇಂಥ ಕಥೆಗಳಲ್ಲಿ ಹೀರೋ ಯಾವಾಗಲೂ ಹುಡುಗನೋ ಹುಡುಗಿಯೋ ಆಗಿರ್ತಾರೆ. ಮುದುಕರನ್ನು ಯಾಕೆ ಗಮನಿಸಬೇಕು?

ಹೊಸ ಸಮಾಜವೊಂದನ್ನು ಕಲ್ಪಿಸುವ ಲೇಖಕರು ದುಡಿಯುವವರು ಯಾರು, ಉಣ್ಣುವವರು ಯಾರು ಎಂಬ ಲೆಕ್ಕವನ್ನು ಎಲ್ಲೋ ಒಂದು ಕಡೆ ಬರೆಯಲೇಬೇಕು. ಗಟ್ಟಿಮುಟ್ಟಾದ ಯುವಕನ ವಿಷಯದಲ್ಲಿ ಈ ಲೆಕ್ಕವನ್ನು ಮುಚ್ಚಿಡಬಹುದು. ಅವನು ದುಡಿಯುತ್ತಾನೆ, ಉಣ್ಣುತ್ತಾನೆ, ಅಷ್ಟೇ. ದುಡಿಯಲಾಗದವರು ಬಂದಾಗ ಲೆಕ್ಕ ಹೊರಗೆ ಬೀಳುತ್ತದೆ. ಆ ಸಮಾಜ ಮನುಷ್ಯರನ್ನು ಮನುಷ್ಯರೆಂದು ಇಟ್ಟುಕೊಂಡಿದೆಯೋ, ಕೆಲಸ ಮಾಡುವ ಕೈಗಳೆಂದು ಇಟ್ಟುಕೊಂಡಿದೆಯೋ ಅಲ್ಲಿ ಗೊತ್ತಾಗುತ್ತದೆ. ಅದಕ್ಕೇ ಇಂಥ ಯಾವ ಪುಸ್ತಕ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಅದರಲ್ಲಿರುವ ಮುದುಕರನ್ನು.

ಯುಟೋಪಿಯಾದಲ್ಲಿ ವಯಸ್ಸಾದವರು ಸುಖವಾಗಿ ಇರ್ತಾರಾ?

ಹೆಚ್ಚಿನ ಕಡೆ ಇರುತ್ತಾರೆ. ಮೋರ್‌ನ ನಾಡಿನಲ್ಲಿ ಎಲ್ಲರದೂ ಒಟ್ಟಿಗೆ ಊಟ. ಒಳ್ಳೆಯ ಪಾಲು ಮೊದಲು ಹಿರಿಯರಿಗೆ ಹೋಗುತ್ತದೆ, ಅವರು ಇಷ್ಟ ಬಂದರೆ ಪಕ್ಕದವರಿಗೆ ಹಂಚುತ್ತಾರೆ. ಹಿರಿಯರನ್ನೂ ಕಿರಿಯರನ್ನೂ ಬೇಕೆಂದೇ ಬೆರೆಸಿ ಕೂರಿಸುತ್ತಾರೆ. ನನಗೆ ಇಷ್ಟವಾದದ್ದು ಇನ್ನೊಂದು ಸಣ್ಣ ವಿವರ: ಊಟದ ಹೊತ್ತಿನಲ್ಲಿ ಹಿರಿಯರು ತಾವೇ ಮಾತಾಡುತ್ತಾ ಕೂರುವುದಿಲ್ಲ, ಕಿರಿಯರ ಬಾಯಿಂದ ಮಾತು ಹೊರಡಿಸಿ ಕೇಳುತ್ತಾರೆ. 500 ವರ್ಷ ಹಳೆಯ ಪುಸ್ತಕದಲ್ಲಿ ಇಷ್ಟು ಚಂದದ ಗಮನ!

ಎಡ್ವರ್ಡ್ ಬೆಲ್ಲಮಿ 1888ರಲ್ಲಿ ಬರೆದ ‘ಲುಕಿಂಗ್ ಬ್ಯಾಕ್‌ವರ್ಡ್’ನಲ್ಲಿ 45ನೇ ವಯಸ್ಸಿಗೇ ಎಲ್ಲರಿಗೂ ನಿವೃತ್ತಿ. ಬದುಕಿನ ಒಳ್ಳೆಯ ಭಾಗ ಶುರುವಾಗುವುದೇ ಆಮೇಲೆ ಎನ್ನುತ್ತಾನೆ ಬೆಲ್ಲಮಿ. ವಿಲಿಯಂ ಮಾರಿಸ್‌ನ ‘ನ್ಯೂಸ್ ಫ್ರಮ್ ನೋವೇರ್’ನಲ್ಲಿ (1890) ನೂರು ದಾಟಿದ ಹ್ಯಾಮಂಡ್ ಎಂಬ ಅಜ್ಜ ಹೊಸ ಲೋಕ ಹೇಗೆ ಹುಟ್ಟಿತೆಂದು ಅಧ್ಯಾಯಗಟ್ಟಲೆ ಹೇಳುತ್ತಾನೆ. ಅದೇ ಪುಸ್ತಕದಲ್ಲಿ ಇನ್ನೊಬ್ಬ ಮುದುಕ ಇದ್ದಾನೆ. ಪೈಪೋಟಿಯ ಹಳೇ ಕಾಲವೇ ಚೆನ್ನಾಗಿತ್ತು ಎಂದು ಅವನದು ಯಾವಾಗಲೂ ಗೊಣಗಾಟ. ಯಾರೂ ಅವನ ಬಾಯಿ ಮುಚ್ಚಿಸುವುದಿಲ್ಲ. ಹ್ಯಾಮಂಡ್‌ಗಿಂತ ಈ ಗೊಣಗುವ ಅಜ್ಜನೇ ಆ ಲೋಕ ಒಳ್ಳೆಯದೆಂದು ನನ್ನನ್ನು ನಂಬಿಸಿದ್ದು.

ಇಂತಿಷ್ಟು ವಯಸ್ಸಾದ ಮೇಲೆ ಸಾಯಿಸೋ ಕಥೆ ಮೊದಲು ಬರೆದವರು ಯಾರು?

ಒಬ್ಬರ ಹೆಸರು ಹೇಳುವ ಹಾಗಿಲ್ಲ, ಜನಪದ ಕಥೆಗಳಲ್ಲೇ ಈ ಯೋಚನೆ ಇದೆ. ಮುದುಕರನ್ನೆಲ್ಲ ಕೊಲ್ಲಿ ಎಂದು ರಾಜ ಆಜ್ಞೆ ಮಾಡುತ್ತಾನೆ. ಒಬ್ಬ ಮಗ ಮಾತ್ರ ಅಪ್ಪನನ್ನು ಬಚ್ಚಿಡುತ್ತಾನೆ. ಮುಂದೆ ನಾಡಿಗೆ ಕಷ್ಟ ಬಂದಾಗ ಆ ಅಪ್ಪನ ಬುದ್ಧಿಯೇ ಎಲ್ಲರನ್ನೂ ಉಳಿಸುತ್ತದೆ. ಈ ಕಥೆ ಎಷ್ಟೋ ದೇಶಗಳಲ್ಲಿ ಎಷ್ಟೋ ರೂಪದಲ್ಲಿ ಸಿಗುತ್ತದೆ. 17ನೇ ಶತಮಾನದ ಇಂಗ್ಲಿಷ್ ನಾಟಕ ‘ದಿ ಓಲ್ಡ್ ಲಾ’ದಲ್ಲೂ ಇಂಥದ್ದೇ ಕಾನೂನು ಬರುತ್ತದೆ. ಕೊನೆಗೆ ಅದು ಮಕ್ಕಳ ಮನಸ್ಸನ್ನು ಪರೀಕ್ಷಿಸಲು ದೊರೆ ಹೂಡಿದ ಆಟ ಎಂದು ಗೊತ್ತಾಗುತ್ತದೆ.

ಇದನ್ನು ಪೂರ್ತಿ ಕಾದಂಬರಿಯಾಗಿ ಬೆಳೆಸಿದವನು ಆಂಟನಿ ಟ್ರಾಲೊಪ್. ‘ದಿ ಫಿಕ್ಸ್‌ಡ್ ಪೀರಿಯಡ್’ ಪುಸ್ತಕವಾಗಿ ಬಂದದ್ದು 1882ರಲ್ಲಿ, ಕಥೆ ನಡೆಯುವುದು ಸುಮಾರು ನೂರು ವರ್ಷ ಮುಂದೆ, 1980ರಲ್ಲಿ. ಬ್ರಿಟಾನ್ಯುಲಾ ಎಂಬ ದ್ವೀಪದ ಕಾನೂನು ಹೀಗಿದೆ: 67 ತುಂಬಿದವರನ್ನು ‘ಕಾಲೇಜ್’ ಎಂಬ ಜಾಗಕ್ಕೆ ಗೌರವದಿಂದ ಕರೆದೊಯ್ಯುತ್ತಾರೆ, ಒಂದು ವರ್ಷದೊಳಗೆ ಸಾಯಿಸುತ್ತಾರೆ. ಹರೆಯದಲ್ಲಿ ಈ ಕಾನೂನಿಗೆ ಕೈ ಎತ್ತಿದವರಲ್ಲಿ ಕ್ರಾಸ್‌ವೆಲರ್ ಎಂಬವನೂ ಒಬ್ಬ. ಈಗ ಮೊದಲ ಸರದಿ ಅವನದೇ. ಆಳು ಇನ್ನೂ ಗಟ್ಟಿ, ಜಮೀನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾನೆ. ದಿನ ಹತ್ತಿರ ಬಂದಂತೆ, ನನಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ, ಒಂದು ವರ್ಷ ಕಮ್ಮಿ ಎನ್ನಲು ಶುರು ಮಾಡುತ್ತಾನೆ. ಆ ಒಂದು ವರ್ಷದ ಸುಳ್ಳು ಓದುವಾಗ ನನಗೆ ಗಂಟಲು ಕಟ್ಟಿತು. ಪುಸ್ತಕ ಬಂದ ವರ್ಷವೇ ಡಿಸೆಂಬರ್‌ನಲ್ಲಿ ಟ್ರಾಲೊಪ್ ತೀರಿಕೊಂಡ. ಅವನಿಗಾಗ 67.

1905ರಲ್ಲಿ ವಿಲಿಯಂ ಆಸ್ಲರ್ ಎಂಬ ಹೆಸರಾಂತ ವೈದ್ಯ ತಮ್ಮ ಬೀಳ್ಕೊಡುಗೆ ಭಾಷಣದಲ್ಲಿ ಈ ಕಾದಂಬರಿಯನ್ನು ತಮಾಷೆಯಾಗಿ ನೆನೆದರು. 60 ದಾಟಿದವರನ್ನು ಕ್ಲೋರೋಫಾರಂ ಕೊಟ್ಟು ಸಾಯಿಸಬೇಕೆಂದು ವೈದ್ಯರೇ ಹೇಳಿದ್ದಾರೆ ಎಂದು ಪತ್ರಿಕೆಗಳು ಬರೆದವು. ದೊಡ್ಡ ಗಲಾಟೆಯಾಯಿತು.

ಒಂದು ಕಡೆ 21, ಇನ್ನೊಂದು ಕಡೆ 30, 60, 75... ಈ ವಯಸ್ಸುಗಳ ಲೆಕ್ಕ ಏನು?

ಬರೆದ ಕಾಲದ ಭಯ ಏನಿತ್ತೋ ಅದಕ್ಕೆ ತಕ್ಕ ಸಂಖ್ಯೆ. ‘ಲೋಗನ್ಸ್ ರನ್’ ಕಾದಂಬರಿ ಬಂದದ್ದು 1967ರಲ್ಲಿ, ಯುವಜನರ ಅಬ್ಬರದ ಕಾಲ. ಅದರಲ್ಲಿ 21ಕ್ಕೇ ಆಯುಸ್ಸು ಮುಗಿಯುತ್ತದೆ. 1976ರ ಸಿನಿಮಾ ಅದನ್ನು 30 ಮಾಡಿತು. ಜಪಾನಿನ ‘ಪ್ಲ್ಯಾನ್ 75’ (2022) ಸಿನಿಮಾದಲ್ಲಿ 75 ತುಂಬಿದವರು ಒಪ್ಪಿದರೆ ಸರ್ಕಾರವೇ ಸಾಯಿಸುತ್ತದೆ. ಅಲ್ಲಿ 2008ರಿಂದ ಆರೋಗ್ಯ ವಿಮೆಯಲ್ಲಿ 75 ದಾಟಿದವರನ್ನು ಬೇರೆ ಗುಂಪಾಗಿಯೇ ಇಟ್ಟಿದ್ದಾರೆ. ಹಾಗಾಗಿ ಆ ಸಂಖ್ಯೆ ಅಲ್ಲಿನ ಜನರಿಗೆ ಬರೀ ಸಂಖ್ಯೆಯಲ್ಲ.

ಇನ್ನೊಂದು ವಿಷಯ ಗಮನಿಸಿ. ‘ದಿ ಓಲ್ಡ್ ಲಾ’ದಲ್ಲಿ ಗಂಡಸರಿಗೆ ಮಿತಿ 80, ಹೆಂಗಸರಿಗೆ 60. ಸ್ವೀಡನ್ನಿನ ನಿನ್ನಿ ಹೋಲ್ಮ್‌ಕ್ವಿಸ್ಟ್ 2006ರಲ್ಲಿ ಬರೆದ ‘ದಿ ಯೂನಿಟ್’ನಲ್ಲಿ ಗಂಡಸರಿಗೆ 60, ಹೆಂಗಸರಿಗೆ 50. ಆ ವಯಸ್ಸಿಗೆ ಮಕ್ಕಳಿಲ್ಲದಿದ್ದರೆ ಅವರ ದೇಹದ ಅಂಗಾಂಗಗಳು ಸರ್ಕಾರದ ಪಾಲು. ಸುಮಾರು 400 ವರ್ಷಗಳ ಅಂತರ, ಎರಡು ಬೇರೆ ಭಾಷೆ. ಎರಡರಲ್ಲೂ ಹೆಣ್ಣಿಗೆ ಬೇಗ ವಯಸ್ಸಾಗುತ್ತದೆ. ಹೋಲ್ಮ್‌ಕ್ವಿಸ್ಟ್ ಇದನ್ನು ಬೇಕೆಂದೇ ಬರೆದಿದ್ದಾರೆ. ಹೆರುವ ವಯಸ್ಸು ಮುಗಿದ ಕೂಡಲೇ ಹೆಣ್ಣಿನ ಬೆಲೆಯೂ ಮುಗಿಯಿತು ಎನ್ನುವ ಲೋಕವನ್ನೇ ಅವರು ತೋರಿಸುತ್ತಿರುವುದು.

## ಒಂದೆರಡು ಪುಸ್ತಕ ಓದಿದ ಮೇಲೆ

‘ಬ್ರೇವ್ ನ್ಯೂ ವರ್ಲ್ಡ್’ನಲ್ಲಿ ಮುದುಕರೇ ಕಾಣಲ್ಲವಲ್ಲ?

ಹಕ್ಸ್‌ಲಿ 1932ರಲ್ಲಿ ಬರೆದ ಆ ಲೋಕದಲ್ಲಿ ವರ್ಷ ಕಳೆಯುತ್ತದೆ, ಮುಪ್ಪು ಬರುವುದಿಲ್ಲ. ಔಷಧಿಗಳ ಬಲದಿಂದ 60ರವರೆಗೆ ಹರೆಯ, ಆಮೇಲೆ ಒಂದೇ ಏಟಿಗೆ ಸಾವು. ಹಳೆಯ ರೀತಿಯಲ್ಲೇ ಜನ ಬದುಕುವ ಕಾಯ್ದಿಟ್ಟ ಪ್ರದೇಶಕ್ಕೆ ಹೋದ ಲೆನೀನಾ ಎಂಬ ಹುಡುಗಿ ಸುಕ್ಕುಗಟ್ಟಿದ ಮುದುಕನೊಬ್ಬನನ್ನು ನೋಡಿ ಬೆಚ್ಚುತ್ತಾಳೆ, ಇವನಿಗೆ ಏನಾಗಿದೆ ಎಂದು ಕೇಳುತ್ತಾಳೆ. ವಯಸ್ಸಾಗಿದೆ ಅಷ್ಟೇ ಎಂದು ಜೊತೆಗಾರ ಹೇಳಬೇಕಾಗುತ್ತದೆ.

ಇದಕ್ಕಿಂತ ನೋವು ಕೊಡುವುದು ಆ ಪ್ರದೇಶದಲ್ಲಿ ವರ್ಷಗಟ್ಟಲೆ ಸಿಕ್ಕಿಬಿದ್ದಿದ್ದ ಲಿಂಡಾ ಸಾಯುವ ಅಧ್ಯಾಯ. ಅವಳಿಗೆ ಬರೀ 44. ಔಷಧಿಗಳಿಲ್ಲದ ಕಡೆ ಬದುಕಿದ್ದರಿಂದ ದೇಹ ಎಲ್ಲರಂತೆ ಮಾಗಿದೆ. ಸಾವಿಗೆ ಹೆದರದಂತೆ ಪಳಗಿಸಲು ಆಸ್ಪತ್ರೆಗೆ ಕರೆತಂದ ಮಕ್ಕಳು ಅವಳ ಮಂಚವನ್ನು ಮುತ್ತಿಕೊಂಡು ಪ್ರಾಣಿಯನ್ನು ನೋಡುವ ಹಾಗೆ ನೋಡುತ್ತಾರೆ. ಆ ಮಕ್ಕಳಲ್ಲಿ ಕೇಡಿಲ್ಲ. ಅಂಥ ಮುಖವನ್ನು ಅವರು ಹುಟ್ಟಿದಾಗಿನಿಂದ ಕಂಡೇ ಇಲ್ಲ.

‘1984’ರಲ್ಲಿ ಪಬ್‌ನಲ್ಲಿ ಒಬ್ಬ ಮುದುಕ ಸಿಗ್ತಾನೆ, ಏನೂ ಉಪಯೋಗದ ಮಾತು ಹೇಳಲ್ಲ. ಆ ದೃಶ್ಯ ಸುಮ್ನೆ ಯಾಕಿದೆ?

ನನಗೆ ಆರ್ವೆಲ್‌ನ ಆ ಕಾದಂಬರಿಯಲ್ಲಿ (1949) ಎಲ್ಲಕ್ಕಿಂತ ಮುಖ್ಯ ಅನಿಸುವ ದೃಶ್ಯಗಳಲ್ಲಿ ಇದೂ ಒಂದು. ಕಥೆಯ ನಾಯಕ ವಿನ್‌ಸ್ಟನ್‌ಗೆ ಒಂದು ವಿಷಯ ತಿಳಿಯಬೇಕಿದೆ: ಕ್ರಾಂತಿಗೆ ಮೊದಲು ಬದುಕು ಈಗಿನದಕ್ಕಿಂತ ಚೆನ್ನಾಗಿತ್ತೋ, ಕೆಟ್ಟದಾಗಿತ್ತೋ? ಸರ್ಕಾರ ಪುಸ್ತಕಗಳನ್ನೆಲ್ಲ ತಿದ್ದಿದೆ. ಉಳಿದಿರುವುದು ಮುದುಕರ ನೆನಪು ಮಾತ್ರ. ಅವನು ಆಸೆಯಿಂದ ಕೇಳುತ್ತಾನೆ. ಅಜ್ಜ ಹಳೇ ಟೋಪಿ, ಯಾವನೋ ತಳ್ಳಿದ್ದು, ಬಿಯರ್ ಅಳತೆ ಅಂತ ಏನೇನೋ ಹೇಳುತ್ತಾನೆ. ವಿನ್‌ಸ್ಟನ್ ಬೇಸತ್ತು ಎದ್ದು ಹೋಗುತ್ತಾನೆ. ಓದುವವರಲ್ಲಿ ಹೆಚ್ಚಿನವರೂ ಅವನ ಜೊತೆಗೇ ಎದ್ದುಬಿಡುತ್ತಾರೆ.

ಸ್ವಲ್ಪ ಕೂತು ಕೇಳಿ. ಈಗ ಬಿಯರ್ ಸಿಗುವುದು ಲೀಟರ್, ಅರ್ಧ ಲೀಟರ್ ಲೆಕ್ಕದಲ್ಲಿ. ಅಜ್ಜನಿಗೆ ಬೇಕಿರುವುದು ಹಳೆಯ ಪೈಂಟ್ ಅಳತೆ. ಅರ್ಧ ಲೀಟರ್ ಸಾಲುವುದಿಲ್ಲ, ಒಂದು ಲೀಟರ್ ಜಾಸ್ತಿಯಾಗುತ್ತದೆ ಎನ್ನುತ್ತಾನೆ. ಇದೇ ತಾನೆ ವಿನ್‌ಸ್ಟನ್ ಕೇಳಿದ ಪ್ರಶ್ನೆಗೆ ಉತ್ತರ? ಮೊದಲು ಮನುಷ್ಯನಿಗೆ ಹೊಂದುವ ಅಳತೆ ಇತ್ತು, ಈಗ ಇಲ್ಲ. ಅಜ್ಜನ ನೆನಪು ಇರುವುದು ನಾಲಿಗೆಯಲ್ಲಿ, ಹೊಟ್ಟೆಯಲ್ಲಿ. ವಿನ್‌ಸ್ಟನ್‌ಗೆ ಬೇಕಾದದ್ದು ಹೇಳಿಕೆ, ಸಿಕ್ಕಿದ್ದು ಅನುಭವ. ಅದನ್ನು ಗುರುತಿಸಲು ಅವನಿಗೆ ಆಗಲಿಲ್ಲ. ಆರ್ವೆಲ್ ಅಜ್ಜನನ್ನೇ ದಡ್ಡನೆಂದು ತೋರಿಸಿದ್ದಾನೆ ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ.

ಅದೇ ಸಂಜೆ ವಿನ್‌ಸ್ಟನ್ ಹಳೇ ಸಾಮಾನಿನ ಅಂಗಡಿಯ ಚಾರಿಂಗ್ಟನ್ ಹತ್ತಿರ ಹೋಗುತ್ತಾನೆ. ಮೃದು ಮಾತಿನ, ಬೆಳ್ಳಿ ಕೂದಲಿನ ಮುದುಕ. ವಿನ್‌ಸ್ಟನ್‌ಗೆ ಬೇಕಾದಂಥದ್ದೇ ಹಳೇ ಪದ್ಯ, ಹಳೇ ಕಥೆ ಹೇಳುತ್ತಾನೆ. ಕೊನೆಗೆ ನೋಡಿದರೆ ಅವನು ವೇಷ ಹಾಕಿದ ಪೊಲೀಸ್, ವಯಸ್ಸು ಸುಮಾರು 35. ನಿಜವಾದ ಮುದುಕ ಬೇಡವಾದ, ನಾವು ಇಷ್ಟಪಡುವಂಥ ನಕಲಿ ಮುದುಕ ಬೇಕಾದ. ಒಂದೇ ಅಧ್ಯಾಯದಲ್ಲಿ ಈ ಇಬ್ಬರನ್ನೂ ಪಕ್ಕಪಕ್ಕ ಇಟ್ಟಿರುವುದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ.

ಹಳೇ ಕಾಲ ನೆನಪಿರೋ ಅಜ್ಜ ಎಲ್ಲ ಡಿಸ್ಟೋಪಿಯಾದಲ್ಲೂ ಬರ್ತಾನೆ. ಬೇರೆ ಪಾತ್ರವೇ ಇಲ್ವಾ?

ನಿಜ, ಇದು ಸವೆದ ದಾರಿ. ಪುಸ್ತಕಗಳನ್ನು ಸುಡುವ ಲೋಕದ ಕಥೆ ‘ಫ್ಯಾರನ್‌ಹೀಟ್ 451’ರ ಫೇಬರ್, ‘ದಿ ಗಿವರ್’ನಲ್ಲಿ ಊರಿನ ನೆನಪನ್ನೆಲ್ಲ ಹೊತ್ತವನು, ‘ಲೋಗನ್ಸ್ ರನ್’ ಸಿನಿಮಾದಲ್ಲಿ ಪಾಳುಬಿದ್ದ ನಗರದಲ್ಲಿ ಬೆಕ್ಕುಗಳ ಜೊತೆ ಬದುಕುವ ಮುದುಕ. ಎಲ್ಲರೂ ಯುವಕನಿಗೆ ದಾರಿ ತೋರಿಸಲು ಬಂದವರೇ. 1973ರ ‘ಸಾಯ್ಲೆಂಟ್ ಗ್ರೀನ್’ ಸಿನಿಮಾದಲ್ಲಂತೂ ಸಾಲ್ ಎಂಬ ಅಜ್ಜನಂಥ ಓದಿದವರನ್ನು ‘ಪುಸ್ತಕ’ ಎಂದೇ ಕರೆಯುತ್ತಾರೆ. ಸಾಲ್ ಸಾಯಲು ತಾನೇ ಒಪ್ಪಿ ಹೋಗುತ್ತಾನೆ. ಸಾಯುವ ಕೋಣೆಯ ಪರದೆಯ ಮೇಲೆ ಹೂವು, ಹೊಳೆ, ಜಿಂಕೆಗಳು ಮೂಡುತ್ತವೆ. ಅವನ ಯುವ ಗೆಳೆಯ ಅಂಥದ್ದನ್ನು ಕಂಡೇ ಇಲ್ಲ. ಸಾಲ್ ಪಾತ್ರ ಮಾಡಿದ ಎಡ್ವರ್ಡ್ ಜಿ. ರಾಬಿನ್‌ಸನ್ ಆ ಚಿತ್ರ ತೆರೆಗೆ ಬರುವ ಮೊದಲೇ ತೀರಿಕೊಂಡರು.

ಇವರಲ್ಲಿ ಫೇಬರ್ ಸ್ವಲ್ಪ ಬೇರೆ. ಎಲ್ಲ ಹಾಳಾಗುತ್ತಿದ್ದಾಗ ನಾನು ಬಾಯಿ ಬಿಡಲಿಲ್ಲ, ನಾನು ಹೇಡಿ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ವಯಸ್ಸಾಯಿತು ಅಂದ ಮಾತ್ರಕ್ಕೆ ಯಾರೂ ಜ್ಞಾನಿಯಾಗುವುದಿಲ್ಲ ಅಲ್ವಾ? ತಪ್ಪು ಮಾಡಿದ ಹಿರಿಯನನ್ನು ತಪ್ಪಿನ ಸಮೇತ ತೋರಿಸುವುದೂ ಗೌರವವೇ.

ಅಜ್ಜಿಯರು ಎಲ್ಲಿ ಹೋದ್ರು?

‘ದಿ ಹ್ಯಾಂಡ್‌ಮೇಡ್ಸ್ ಟೇಲ್’ನಲ್ಲಿ (1985) ಇದಕ್ಕೆ ನೇರ ಉತ್ತರ ಇದೆ. ಮುದುಕಿಯರು ಈಚೆಗೆ ಯಾಕೆ ಕಾಣುತ್ತಿಲ್ಲ ಎಂದು ಯೋಚಿಸಿದ್ದೀಯಾ ಎಂಬರ್ಥದ ಮಾತನ್ನು ಮೊಯಿರಾ ತನ್ನ ಗೆಳತಿಗೆ ಹೇಳುತ್ತಾಳೆ. ಅವರನ್ನೆಲ್ಲ ವಿಷದ ಕಸ ತೆಗೆಯಲು ದೂರದ ಕಾಲೊನಿಗಳಿಗೆ ಅಟ್ಟಿದ್ದಾರೆ. ಹೆರಲಾಗದ ಹೆಣ್ಣಿಗೆ ಆ ಆಡಳಿತದಲ್ಲಿ ಜಾಗ ಕಮ್ಮಿ. ಕಾವಲಿನ ಕೋಲು ಹಿಡಿದ ‘ಆಂಟ್’ ಆಗಬೇಕು, ಇಲ್ಲವೇ ಮನೆಗೆಲಸದವಳಾಗಬೇಕು. 2019ರಲ್ಲಿ ಮಾರ್ಗರೆಟ್ ಅಟ್‌ವುಡ್ ಇದರ ಮುಂದುವರಿದ ಭಾಗ ‘ದಿ ಟೆಸ್ಟಮೆಂಟ್ಸ್’ ಬರೆದಾಗ ಅವರಿಗೆ 79. ಅದರಲ್ಲಿ ಕಥೆ ಹೇಳುವವರಲ್ಲಿ ಒಬ್ಬಳು ಮುಪ್ಪಿನಲ್ಲಿರುವ ಆಂಟ್ ಲಿಡಿಯಾ. ಕ್ರೂರಿ, ಚತುರೆ, ಒಳಗೊಳಗೇ ಸೇಡು ಕಾಯುತ್ತಿರುವವಳು. ಒಬ್ಬ ಮುದುಕಿಗೆ ಇಷ್ಟೊಂದು ಒಳಮನಸ್ಸು ಕೊಟ್ಟ ಡಿಸ್ಟೋಪಿಯಾ ಅಪರೂಪ.

‘ಫ್ಯಾರನ್‌ಹೀಟ್ 451’ರಲ್ಲಿ ತನ್ನ ಪುಸ್ತಕಗಳ ನಡುವೆ ನಿಂತು ತಾನೇ ಕಡ್ಡಿ ಗೀರುವ ಹೆಂಗಸೂ ವಯಸ್ಸಾದವಳೇ. ಕಥೆಯ ನಾಯಕ ಬದಲಾಗಲು ಅವಳು ಮುಖ್ಯ ಕಾರಣ. ಆದರೂ ಅವಳಿಗೆ ಹೆಸರಿಲ್ಲ, ನನಗೆ ಅದು ಇವತ್ತಿಗೂ ಚುಚ್ಚುತ್ತದೆ. ಯುಟೋಪಿಯಾದ ಕಡೆ ನೋಡಿದರೆ ಶಾರ್ಲಟ್ ಪರ್ಕಿನ್ಸ್ ಗಿಲ್ಮನ್‌ರ ‘ಹರ್‌ಲ್ಯಾಂಡ್’ (1915) ಇದೆ. ಹೆಂಗಸರೇ ಇರುವ ನಾಡಿಗೆ ನುಗ್ಗಿದ ಮೂವರು ಗಂಡಸರನ್ನು ಮೊದಲು ಹಿಡಿದು ಹಾಕುವವರು ಗಟ್ಟಿಮುಟ್ಟಾದ ಹಿರಿಯ ಹೆಂಗಸರು. ಆ ಗಂಡಸರಿಗೆ ಇದನ್ನು ನಂಬಲೇ ಆಗುವುದಿಲ್ಲ.

ಸಾವೇ ಇಲ್ಲದಿದ್ರೆ ಅದೇ ಆದರ್ಶ ಲೋಕ ತಾನೆ?

‘ಗಲಿವರ್ಸ್ ಟ್ರಾವೆಲ್ಸ್’ನಲ್ಲಿ (1726) ಗಲಿವರ್ ಕೂಡ ಹಾಗೇ ಅಂದುಕೊಂಡಿದ್ದ. ಸಾವಿಲ್ಲದ ಸ್ಟ್ರಲ್ಡ್‌ಬ್ರಗ್ ಜನರ ಸುದ್ದಿ ಕೇಳಿ ಕುಣಿದಾಡಿದ. ಆಮೇಲೆ ತಿಳಿಯಿತು, ಅವರಿಗೆ ಸಾವಿಲ್ಲ, ಮುಪ್ಪು ಮಾತ್ರ ಇದೆ. 80 ತುಂಬಿದ ಕೂಡಲೇ ಕಾನೂನಿನ ಲೆಕ್ಕದಲ್ಲಿ ಅವರು ಸತ್ತಂತೆ, ಆಸ್ತಿ ಮಕ್ಕಳ ಪಾಲು. ಭಾಷೆಯೂ ಬದಲಾಗುತ್ತಾ ಹೋಗಿ, ಕೊನೆಗೆ ಸ್ವಂತ ನಾಡಿನಲ್ಲೇ ಅವರ ಮಾತು ಯಾರಿಗೂ ಅರ್ಥವಾಗುವುದಿಲ್ಲ. ಸ್ವಿಫ್ಟ್ ಆ ಮುಪ್ಪನ್ನು ಅಸಹ್ಯ ಹುಟ್ಟುವಂತೆ ಬರೆದಿದ್ದಾನೆ. ನನಗೆ ಅಲ್ಲಿ ಕಾಣುವುದು ಒಂಟಿತನ.

ಮುಪ್ಪೂ ಬಾರದಂತೆ ಮಾಡಿದರೆ? ಆಗ ಕಿರಿಯರಿಗೆ ಜಾಗ ಸಿಗುವುದಿಲ್ಲ. ಬ್ರೂಸ್ ಸ್ಟರ್ಲಿಂಗ್‌ನ ‘ಹೋಲಿ ಫೈರ್’ನಲ್ಲಿ (1996) ಹಣ, ಅಧಿಕಾರ ಎಲ್ಲ ಹಿರಿಯರ ಕೈಯಲ್ಲೇ. ಮಗನ ಹರೆಯ ತೆಗೆದುಕೊಂಡು ತನ್ನ ಮುಪ್ಪು ಕೊಟ್ಟ ಯಯಾತಿಯ ಕಥೆ ಗೊತ್ತಿರುವ ನಮಗೆ ಇದು ಹೊಸದೇನಲ್ಲ.

## ಇನ್ನೂ ಆಳಕ್ಕೆ ಇಳಿದವರಿಗೆ

ಯುವಕರು ಮುದುಕರನ್ನು ಕೊಲ್ಲೋ ಕಥೆಗಳು ಮುದುಕರ ಮೇಲೆ ದ್ವೇಷ ಜಾಸ್ತಿ ಮಾಡಲ್ವಾ?

ಕಥೆ ಯಾರ ಪಕ್ಕದಲ್ಲಿ ನಿಂತಿದೆ ಅನ್ನುವುದರ ಮೇಲೆ ಹೋಗುತ್ತದೆ. ಅಡಾಲ್ಫೊ ಬಿಯೊಯ್ ಕಸಾರೆಸ್ 1969ರಲ್ಲಿ ಬರೆದ ‘ಡೈರಿ ಆಫ್ ದಿ ವಾರ್ ಆಫ್ ದಿ ಪಿಗ್’ನಲ್ಲಿ ಬ್ಯೂನಸ್ ಐರಿಸ್ ನಗರದ ಯುವಕರ ಗುಂಪುಗಳು ಮುದುಕರ ಮೇಲೆ ಬೀಳುತ್ತವೆ. ನಾವು ಇರುವುದು ವಿಡಾಲ್ ಎಂಬ ಸಾಮಾನ್ಯ ಮನುಷ್ಯನ ಜೊತೆ. ನಾನು ಮುದುಕರ ಲೆಕ್ಕಕ್ಕೆ ಸೇರುತ್ತೇನೋ ಇಲ್ಲವೋ ಎಂಬುದೇ ಅವನಿಗೆ ಸರಿಯಾಗಿ ಗೊತ್ತಿಲ್ಲ. ಯಾವತ್ತಿನಿಂದ ನಾನು ಮುದುಕ ಎಂದು ಬೇರೆಯವರು ತೀರ್ಮಾನಿಸುವ ಆ ಭಯವನ್ನು ಇಷ್ಟು ಹತ್ತಿರದಿಂದ ತೋರಿಸಿದ ಪುಸ್ತಕವನ್ನು ನಾನು ಬೇರೆ ಓದಿಲ್ಲ. ರಾಬರ್ಟ್ ಬಟ್ಲರ್ ಎಂಬ ವೈದ್ಯರು ವಯಸ್ಸಿನ ತಾರತಮ್ಯಕ್ಕೆ ‘ಏಜಿಸಂ’ ಎಂಬ ಪದ ಕೊಟ್ಟದ್ದೂ ಆ ಹೊತ್ತಿನಲ್ಲೇ.

ಅಟ್‌ವುಡ್‌ರ ಸಣ್ಣಕಥೆ ‘ಟಾರ್ಚಿಂಗ್ ದಿ ಡಸ್ಟೀಸ್’ನಲ್ಲಿ ಯುವಜನರು ವೃದ್ಧಾಶ್ರಮವನ್ನು ಮುತ್ತುತ್ತಾರೆ. ಈಗ ನಮ್ಮ ಸರದಿ ಎನ್ನುವುದು ಅವರ ಕೂಗು. ಕಣ್ಣು ಸರಿಯಾಗಿ ಕಾಣದ ವಿಲ್ಮಾಳ ಜೊತೆ ನಾವು ಒಳಗೇ ಇರುತ್ತೇವೆ. ನನಗೆ ಇಷ್ಟವಾಗದ ಕಥೆಗಳು ಬೇರೆ ಥರದವು. ಅವುಗಳಲ್ಲಿ ಮುದುಕರು ಬರೀ ಗುಂಪು, ಬರೀ ಸಂಖ್ಯೆ, ಬರೀ ಹೊರೆ. ಇರುವುದು ಎಲ್ಲರಿಗೂ ಸಾಲುವುದಿಲ್ಲ ಎಂಬ ಮಾತನ್ನು ಕಥೆ ಪ್ರಶ್ನೆಯೇ ಮಾಡದೆ ಒಪ್ಪಿಕೊಂಡಿರುತ್ತದೆ. ಆ ಲೆಕ್ಕ ಬರೆದವರು ಯಾರು, ಮಿಕ್ಕಿದ್ದು ಯಾರ ಮನೆಗೆ ಹೋಯಿತು ಎಂದು ಕೇಳದ ಡಿಸ್ಟೋಪಿಯಾ ಅರ್ಧ ಕೆಲಸ ಮಾತ್ರ ಮಾಡಿದೆ.

ಸ್ವಂತ ಇಷ್ಟದಿಂದ ಸಾಯೋ ಅವಕಾಶ ಕೊಟ್ರೆ ಅದು ಡಿಸ್ಟೋಪಿಯಾ ಹೇಗಾಗುತ್ತೆ? ಅದೂ ಸ್ವಾತಂತ್ರ್ಯ ತಾನೆ?

ಇದು ಕಷ್ಟದ ಪ್ರಶ್ನೆ. ನನಗೆ ಸಹಾಯ ಮಾಡಿದ ಅಳತೆಗೋಲು ಒಂದೇ: ಬೇಡ ಎಂದವರಿಗೆ ಏನಾಗುತ್ತದೆ ಎಂದು ನೋಡುವುದು. ಮೋರ್‌ನ ನಾಡಿನಲ್ಲೂ ವಾಸಿಯಾಗದ ರೋಗದಿಂದ ನರಳುವವರಿಗೆ ಸಾವನ್ನು ಆರಿಸಿಕೊಳ್ಳಿ ಎಂದು ಪೂಜಾರಿಗಳೂ ಅಧಿಕಾರಿಗಳೂ ಸಲಹೆ ಕೊಡುತ್ತಾರೆ. ರೋಗಿ ಒಪ್ಪದಿದ್ದರೆ ಆರೈಕೆ ಒಂದಿಷ್ಟೂ ಕಮ್ಮಿಯಾಗುವುದಿಲ್ಲ.

ಪಿ. ಡಿ. ಜೇಮ್ಸ್ ತಮಗೆ 70 ದಾಟಿದ ಮೇಲೆ ಬರೆದ ‘ದಿ ಚಿಲ್ಡ್ರನ್ ಆಫ್ ಮೆನ್’ನಲ್ಲಿ (1992) ‘ಕ್ವೈಟಸ್’ ಎಂಬ ಸಮಾರಂಭ ಇದೆ. ಮುದುಕರನ್ನು ದೋಣಿಯಲ್ಲಿ ಕೂರಿಸಿ ಸಮುದ್ರದಲ್ಲಿ ಮುಳುಗಿಸುತ್ತಾರೆ. ಸರ್ಕಾರದ ಪ್ರಕಾರ ಎಲ್ಲರೂ ಒಪ್ಪಿ ಬಂದವರು. ಒಬ್ಬ ಹೆಂಗಸು ಕೊನೇ ಗಳಿಗೆಯಲ್ಲಿ ತಪ್ಪಿಸಿಕೊಂಡು ದಡಕ್ಕೆ ಬರಲು ನೋಡುತ್ತಾಳೆ. ಅವಳಿಗೆ ಏಟು ಬೀಳುತ್ತದೆ. ‘ಸ್ವಂತ ಇಷ್ಟ’ ಎಂಬ ಮಾತು ಅಲ್ಲಿಗೆ ಸತ್ತುಹೋಯಿತು.

‘ಪ್ಲ್ಯಾನ್ 75’ರಲ್ಲಿ ಹೊಡೆಯುವವರು ಯಾರೂ ಇಲ್ಲ. ಅದಕ್ಕೇ ಅದು ಹೆಚ್ಚು ಕಾಡುತ್ತದೆ. ನಗುನಗುತ್ತಾ ಫಾರ್ಮ್ ತುಂಬಿಸುವ ಸಿಬ್ಬಂದಿ, ಇಷ್ಟ ಬಂದ ಹಾಗೆ ಖರ್ಚು ಮಾಡಲು ಒಂದು ಲಕ್ಷ ಯೆನ್, ಫೋನಿನಲ್ಲಿ ಅಕ್ಕರೆಯಿಂದ ಮಾತಾಡುವ ಹುಡುಗಿ. ಮಿಚಿ ಎಂಬಾಕೆಗೆ ಹೋಟೆಲ್ ಕೋಣೆಗಳನ್ನು ಸ್ವಚ್ಛ ಮಾಡುವ ಕೆಲಸ ಹೋಗುತ್ತದೆ, ಮನೆಯೂ ಕೈತಪ್ಪುತ್ತದೆ, ವಯಸ್ಸು ನೋಡಿ ಯಾರೂ ಕೆಲಸ ಕೊಡುವುದಿಲ್ಲ. ಎಲ್ಲ ಬಾಗಿಲು ಮುಚ್ಚಿ ಒಂದನ್ನು ಮಾತ್ರ ತೆರೆದಿಟ್ಟು, ಇದನ್ನು ಅವಳೇ ಆರಿಸಿಕೊಂಡಳು ಅಂದರೆ ಹೇಗೆ?

ವಯಸ್ಸಾದವರೇ ಮುಖ್ಯ ಪಾತ್ರವಾಗಿರೋ, ಮನಸ್ಸು ತುಂಬೋ ಒಂದು ಕಥೆ ಹೇಳಿ.

ಉರ್ಸುಲಾ ಕೆ. ಲೆ ಗ್ವಿನ್ ಅವರ ‘ದಿ ಡೇ ಬಿಫೋರ್ ದಿ ರೆವೊಲ್ಯೂಷನ್’. 1974ರ ಸಣ್ಣಕಥೆ, ಒಂದು ಗಂಟೆಯೊಳಗೆ ಓದಬಹುದು. ಅದೇ ವರ್ಷ ಬಂದ ಅವರ ‘ದಿ ಡಿಸ್‌ಪೊಸೆಸ್ಡ್’ ಕಾದಂಬರಿಯಲ್ಲಿ ಒಂದಿಡೀ ಸಮಾಜ ಓಡೋ ಎಂಬಾಕೆಯ ವಿಚಾರಗಳ ಮೇಲೆ ನಿಂತಿದೆ. ಅಲ್ಲಿ ಅವಳು ಎಂದೋ ತೀರಿಹೋದ ಮಹಾತ್ಮೆ. ಈ ಕಥೆಯಲ್ಲಿ ಅವಳು ಪಾರ್ಶ್ವವಾಯು ಬಡಿದ ಮುದುಕಿ. ತನ್ನದೇ ಪಾದ ನೋಡಿ ಮುಖ ಸಿಂಡರಿಸುತ್ತಾಳೆ. ಸತ್ತ ಗಂಡನನ್ನು ನೆನೆಯುತ್ತಾಳೆ. ಸಹಾಯಕ್ಕೆ ಬರುವ ಚಂದದ ಹುಡುಗನ ಮೇಲೆ ಅವಳಿಗೆ ಆಸೆಯೂ ಇದೆ. ತನ್ನನ್ನು ಪೂಜಿಸಲು ಬರುವವರನ್ನು ಕಂಡರೆ ಬೇಜಾರು. ಯಾರಿಗೂ ಹೇಳದೆ ಬೀದಿಗೆ ಹೋಗುತ್ತಾಳೆ, ಸುಸ್ತಾಗಿ ಯಾರದೋ ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಾಳೆ.

ಜೀವನವೆಲ್ಲ ಕಾದ ಕ್ರಾಂತಿ ನಾಳೆ. ನಾಳೆ ತಾನು ಇರುವುದಿಲ್ಲ ಎಂದು ಅವಳಿಗೆ ಗೊತ್ತು. ಅವಳು ಯಾರಿಗೂ ದಾರಿ ತೋರಿಸಲು ಬಂದವಳಲ್ಲ, ಯಾರ ಹೊರೆಯೂ ಅಲ್ಲ. ಅವಳ ಆ ಒಂದು ದಿನ ಪೂರ್ತಿ ಅವಳದೇ.

ನಾನೇ ಇಂಥ ಒಂದು ಕಥೆ ಬರೀತಿದ್ದೀನಿ. ವಯಸ್ಸಾದ ಪಾತ್ರವನ್ನು ಹೇಗೆ ಬರೀಲಿ?

ಬರೆಯುವವರಿಗೆ ನಾನು ಹೇಳುವುದು ಇಷ್ಟು. ಈ ಹೊತ್ತು ಬೆಳಿಗ್ಗೆ ಆ ಪಾತ್ರಕ್ಕೆ ತನಗಾಗಿ ಏನು ಬೇಕಿದೆ? ನಾಯಕನಿಗಾಗಿ ಅಲ್ಲ, ತನಗಾಗಿ. ಕನ್ನಡಕ ಒಡೆದಿರಬಹುದು, ಅದನ್ನು ರಿಪೇರಿ ಮಾಡುವವರು ನಿಮ್ಮ ಲೋಕದಲ್ಲಿ ಯಾರು? ಆ ಪಾತ್ರ ಯಾರ ಮೇಲಾದರೂ ಸಿಟ್ಟಾಗಿದೆಯಾ? ಯಾರನ್ನಾದರೂ ಪ್ರೀತಿಸುತ್ತಿದೆಯಾ? ಗುಟ್ಟು ಹೇಳಿ ಮುಗಿಸಿದ ಮುಂದಿನ ಅಧ್ಯಾಯದಲ್ಲೇ ಸಾಯಿಸಲು ಕೈ ಹೋದರೆ ಸ್ವಲ್ಪ ತಡೆಯಿರಿ, ಬದುಕಿದ್ದರೆ ಅವರು ಏನು ಮಾಡುತ್ತಿದ್ದರು ಎಂದು ಒಂದು ಪುಟ ಬರೆದು ನೋಡಿ. ನಿಮ್ಮ ಕಲ್ಪನೆಯ ನಗರದಲ್ಲಿ ಅವರ ಮನೆ ಎಷ್ಟನೇ ಮಹಡಿಯಲ್ಲಿದೆ? ಲಿಫ್ಟ್ ಕೆಟ್ಟ ದಿನ ಅವರು ಹೇಗೆ ಕೆಳಗೆ ಇಳಿಯುತ್ತಾರೆ? ಅದನ್ನೂ ಬರೆಯಿರಿ.